ಮಣ್ಣು ತಿನ್ನದ ಬಟ್ಟೆ

ನವೆಂಬರ್ ೧೮, ಮಂಗಳವಾರ

ಅಕ್ಕಾ,

ಹೇಗಿದ್ದೀಯ? ಪಾಪು ಹೇಗಿದೆ? ನಿನ್ನ ಕಾಗದಕ್ಕೆ ಉತ್ತರ ಬರೆಯೋದು ತಡವಾಯ್ತು, ಬೈಕೋಬೇಡ. ಪೆನ್ನು ಹಿಡಿದರೆ ನನ್ನ ಕೈ ಮರಗಟ್ಟುತ್ತೆ. ಸ್ಕೂಲು ಬಿಟ್ಟಿದ್ದೇ ಅದಕ್ಕಲ್ವಾ.

ಅಪ್ಪ ಅಂಗಡಿ ಗೊಬ್ಬರ ಬಿಟ್ಟು ಮೂರು ಬೆಳೆ ಆಯ್ತು. ಇಲ್ಲಿ ರೈತರೇ ಸೇರಿ ಒಂದು ಬಳಗ ಮಾಡಿಕೊಂಡಿದ್ದಾರೆ. ಭಾಷಣ ಗೀಷಣ ಇಲ್ಲ. ತಿಂಗಳಿಗೊಮ್ಮೆ ಒಬ್ಬರ ಹೊಲಕ್ಕೆ ಹೋಗಿ, ಮಣ್ಣು ಅಗೆದು ಮೂಸಿ, ಅವರವರಿಗೆ ಗೊತ್ತಿರೋದನ್ನ ಹೇಳ್ತಾರೆ. ನನಗೆ ಮೊದಲಿಂದಲೂ ಅನುಮಾನವೇ. ಪುಕ್ಕಟೆ ಬುದ್ಧಿ ಹೇಳೋನ ಕಣ್ಣು ಎಲ್ಲಿದೆ ಅಂತ ನೋಡಬೇಕು.

ಈ ಸಲ ಒಂದು ಪರೀಕ್ಷೆ ಇಟ್ಟರು. ಎಲ್ಲರೂ ಮನೆಯಿಂದ ಹತ್ತಿ ಬಟ್ಟೆಯ ತುಂಡು ತಂದು ಹೊಲದಲ್ಲಿ ಗೇಣುದ್ದ ಆಳಕ್ಕೆ ಹೂಳಿ, ಎರಡು ತಿಂಗಳಾದ ಮೇಲೆ ತೆಗೀಬೇಕು. ಮಣ್ಣಿಗೆ ಜೀವ ಇದ್ರೆ ಬಟ್ಟೆ ತಿಂದಿರುತ್ತೆ. ಸತ್ತಿದ್ರೆ ಹಾಗೇ ವಾಪಸ್ ಕೊಡುತ್ತೆ.

ಭಾನುವಾರ ತೆಗೆದ್ವಿ. ಚಿಕ್ಕಪ್ಪನ ಹೊಲದಲ್ಲಿ ಬರೀ ಅಂಚು ಉಳಿದಿತ್ತು. ನಮ್ಮದು ಇಡಿಯಾಗಿ ಎದ್ದು ಬಂತು, ಕೆಸರು ಮೆತ್ತಿದ್ದು ಬಿಟ್ಟರೆ ಹೊಸದರ ಹಾಗೆ.

"ಅಣ್ಣಾ, ಇಸ್ತ್ರಿ ಹಾಕಿದ್ರೆ ಮದುವೆಗೆ ಹಾಕ್ಕೊಂಡು ಹೋಗಬಹುದು" ಅಂದ ಚಿಕ್ಕಪ್ಪ. ಎಲ್ಲ ನಕ್ಕರು. ಅಪ್ಪ ಮಾತ್ರ ಬಟ್ಟೆಯ ನಡುವೆ ಹೆಬ್ಬೆರಳಲ್ಲಿ ಉಜ್ಜಿ ನೋಡಿ, "ಸಾಕು, ನಮ್ಮ ಮಣ್ಣು ಸತ್ತಿದೆ. ನಡಿ ಮನೆಗೆ" ಅಂದುಬಿಟ್ಟ.

ಮೈ ಉರೀತು ನನಗೆ. ಎರೆಹುಳ ಗಿಜಿಗುಡೋ ಮಣ್ಣು ಸತ್ತಿದೆಯಾ? ಹೋದ ವಾರ ಚಿಕ್ಕಪ್ಪ ಸಲಿಕೆ ಹಿಡಿದು ನಮ್ಮ ಬದುವಿನ ಮೇಲೆ ಓಡಾಡಿದ್ದನ್ನ ನಾನೇ ನೋಡಿದ್ದೆ. "ಬಟ್ಟೆ ಬದಲಾಯಿಸಿದ್ದು ನೀನೇ" ಅಂತ ಕಾಲರ್ ಹಿಡಿದೆ.

"ನೀರು ತಿರುಗಿಸೋಕೆ ಬಂದಿದ್ದೆ ಕಣೋ, ಬಿಡು."

ಕಳ್ಳನಿಗೊಂದು ಪಿಳ್ಳೆ ನೆವ.

ಬಳಗಕ್ಕೆಲ್ಲ ಹಿರಿಯಳು ಬೀಜದಜ್ಜಿ. ಬೀಜ ಕೂಡಿಟ್ಟು ಹಂಚೋಳು. ಬಟ್ಟೆಯ ಒಂದು ಎಳೆ ಕಿತ್ತು ಕಡ್ಡಿ ಗೀರಿದಳು. ಎಳೆ ಬೂದಿ ಆಗಲಿಲ್ಲ, ಕರಗಿ ಮಣಿ ಥರ ಮುದುಡಿತು. "ಇದು ಪ್ಲಾಸ್ಟಿಕ್ ನೂಲು. ತಿನ್ನೋಕೆ ಎರೆಹುಳ ಏನು ರಾಕ್ಷಸನೇನ್ರೋ?" ಅಂದಳು. ಎಲ್ಲರ ಕಣ್ಣು ಚಿಕ್ಕಪ್ಪನ ಮೇಲೆ ಹೋಯ್ತು.

"ಅಣ್ಣಾ, ನೀನಾದ್ರೂ ಹೇಳು" ಅಂದ ಅವನು. ಅಪ್ಪ ಸಲಿಕೆ ಹೆಗಲಿಗೇರಿಸಿ ಮನೆ ಕಡೆ ಹೊರಟುಬಿಟ್ಟ.

"ಒಬ್ಬರ ಮಾತು ಒಬ್ಬರು ನಂಬದಿದ್ರೆ ಬಳಗ ಯಾಕೆ? ನೀನಿನ್ನು ಬರಬೇಡಪ್ಪ" ಅಂತ ಅಜ್ಜಿ ಅವನನ್ನ ಕಳಿಸಿಬಿಟ್ಟಳು. ನಾನು ಎದೆ ಸೆಟೆಸಿಕೊಂಡು ಮನೆಗೆ ಬಂದೆ.

ಅಮ್ಮನ ಮಂಡಿನೋವು ಹಾಗೇ ಇದೆ. ಪಾಪುಗೆ ನನ್ನ ಆಶೀರ್ವಾದ. ಮೀಸೆ ನೆಟ್ಟಗೆ ಬರದಿದ್ರೂ ಸೋದರಮಾವ ಸೋದರಮಾವನೇ. ನೂರು ವರ್ಷ ಬಾಳಲಿ, ನನ್ನ ಸಿಟ್ಟೊಂದು ಬರೋದು ಬೇಡ.

ಇಂತಿ ನಿನ್ನ
ಮೆಣಸಿನಕಾಯಿ

ಕಾಗದ ಮಡಚಿಟ್ಟವನು ಮತ್ತೆ ಬಿಚ್ಚಿದ್ದೀನಿ. ಸಾಕ್ಷಿಗೆ ಇರಲಿ ಅಂತ ಆ ಬಟ್ಟೆ ಒಗೆದೆ. ನಡುವೆ ನೀಲಿ ಹೊಲಿಗೆ ಕಾಣಿಸ್ತು. ಅಮ್ಮ ನೋಡಿ ಅತ್ತಳು. ಅದು ನಿನ್ನ ಸ್ಕೂಲಂಗಿಯ ಬೆನ್ನು. ನೀನು ಭಾವನ ಜೊತೆ ಹೋದ ದಿನ ಅಪ್ಪ ನಿನ್ನ ಬಟ್ಟೆಯೆಲ್ಲ ಸುಡು ಅಂದಿದ್ದ, ಇದೊಂದನ್ನ ಬಚ್ಚಿಟ್ಟಿದ್ದಳಂತೆ. ಹತ್ತಿ ಅಂದುಕೊಂಡು, ಬೆಂಕಿಗಿಂತ ಮಣ್ಣು ತಗೊಳ್ಳಲಿ ಅಂತ ನಮಗ್ಯಾರಿಗೂ ತೋರಿಸದೆ ಅವಳೇ ಹೂಳಿದ್ದು.

ನೀನು ಬೇಲಿಗೆ ಸಿಕ್ಕಿ ಅಂಗಿ ಹರಿದುಕೊಂಡಾಗ ಗೋಣಿ ಸೂಜೀಲಿ ಆ ಹೊಲಿಗೆ ಹಾಕಿದ್ದು ಅಪ್ಪ. ಭಾನುವಾರ ಹೆಬ್ಬೆರಳು ಇಟ್ಟಿದ್ದು ಅದರ ಮೇಲೇ. ಆಗಲೇ ಗೊತ್ತಿತ್ತು ಅವನಿಗೆ. ಹೊಲ ಸತ್ತಿದೆ ಅಂದ, ತಮ್ಮನ್ನ ಕಳ್ಳ ಅನ್ನೋಕೆ ಬಿಟ್ಟ, ನಿನ್ನ ಹೆಸರು ಮಾತ್ರ ಬಾಯಿಗೆ ಬರಲಿಲ್ಲ.

ನಾಳೆ ಬಟ್ಟೆ ಹಿಡಿದು ಮೊದಲು ಚಿಕ್ಕಪ್ಪನ ಮನೆಗೆ, ಆಮೇಲೆ ಅಜ್ಜಿ ಹತ್ತಿರ ಹೋಗ್ತೀನಿ. ಯಾರದು ಅಂತ ಕೇಳಿದ್ರೆ ನಿನ್ನ ಹೆಸರು ಹೇಳ್ತೀನಿ, ಅಪ್ಪನ ಎದುರಿಗೇ.