ಕಣ್ತಪ್ಪಿದ ಹನ್ನೊಂದು ತಪ್ಪು

ಮಾರ್ಚ್ ೧೪, ಗುರುವಾರ

ನನ್ನ ಮೊಂಡು ತಂಗಿಗೆ,

ಅಕ್ಕನ ಅಕ್ಕರೆ. ನಿನ್ನ ಹಸ್ತಪ್ರತಿ ಕೈಸೇರಿ ಮೂರು ವಾರವಾದರೂ ಒಂದು ಸಾಲು ಬರೆಯಲಿಲ್ಲ, ಬೈದುಕೊಂಡಿರುತ್ತೀಯ, ಬೈದುಕೋ. ಮುದ್ರಣಾಲಯದಲ್ಲಿ ಪಠ್ಯಪುಸ್ತಕಗಳ ಕರಡು ತಿದ್ದಿ ತಿದ್ದಿ ಕಣ್ಣುರಿ ಹತ್ತಿತ್ತು. ನಿನ್ನ ಭಾವನ ಸೊಂಟನೋವು ವಾಸಿಯಾಗಿದೆ, ಗೊಣಗಾಟ ಮಾತ್ರ ಹಾಗೇ ಇದೆ.

ಈಗ ನಿನ್ನ ಕಾದಂಬರಿಯ ವಿಷಯ. ಗಡಿಯಾರ ರಿಪೇರಿಯವನು ಮಗಳ ಜೊತೆ ಮಾತು ಬಿಟ್ಟ ಕಥೆಯಷ್ಟೇ ಸಾಕು, ಎದುರುಮನೆಯ ದರ್ಜಿ ಹೆಂಗಸಿನ ಉಪಕಥೆ ತೆಗೆಯದಿದ್ದರೆ ಅಚ್ಚು ಹಾಕುವುದಿಲ್ಲ ಎಂದು ಪ್ರಕಾಶಕರು ಹೇಳಿದರೆಂದು ನೀನು ಬರೆದಿದ್ದೆ. ಸೋಮವಾರದೊಳಗೆ ಉತ್ತರ ಕೊಡಬೇಕಂತೆ. ನೀನು ನನ್ನ ಮಾತಿಗೆ ಕಾಯುತ್ತಿದ್ದೀಯ.

ಕರಡು ತಿದ್ದುವ ನಮ್ಮ ಪದ್ಧತಿ ನಿನಗೆ ಗೊತ್ತಲ್ಲ, ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪೆನ್ಸಿಲ್ ಹಿಡಿದು ತಪ್ಪು ಹುಡುಕುವುದು. ಮೊದಲು ದರ್ಜಿಯ ಪುಟಗಳನ್ನು ಬದಿಗಿಟ್ಟು ಓದಿದೆ. ಮುದ್ರಣಾಲಯದ ನನ್ನ ಜೊತೆಗಾತಿ ಆಕಳಿಸುತ್ತಲೇ ಒಂದನ್ನೂ ಬಿಡದೆ ತಪ್ಪು ಹಿಡಿದಳು. "ಏನ್ರೀ, ಮಗಳ ಹತ್ರ ಮಾತಾಡೋಕೆ ಇವನಿಗೇನು ಧಾಡಿ?" ಅಂದಳು. ಮರುದಿನ ಆ ಪುಟಗಳನ್ನೂ ಸೇರಿಸಿ ಓದಿದೆ. ತೀರಿಹೋದ ಮಗನಿಗೆ ದರ್ಜಿ ವರ್ಷ ವರ್ಷವೂ ಒಂದಳತೆ ದೊಡ್ಡ ಅಂಗಿ ಹೊಲಿಯುತ್ತಾಳಲ್ಲ, ಅದನ್ನು ಗಡಿಯಾರದವನು ಕಿಟಕಿಯಿಂದ ನೋಡುತ್ತಾನಲ್ಲ, ಅಲ್ಲಿಗೆ ಬಂದಾಗ ಅದೇ ಸಾಲನ್ನು ಎರಡು ಸಲ ಓದಿದೆ. "ಅಯ್ಯೋ ಪುಣ್ಯಾತ್ಮ, ನಿನ್ನ ಮಗಳು ಬದುಕಿದಾಳೆ ಕಣೋ, ಹೋಗೋ!" ಎಂದು ಜೊತೆಗಾತಿ ಪುಟಕ್ಕೇ ಗದರಿದಳು. ಆಮೇಲೆ ನೋಡಿದರೆ ಆ ಒಂದು ಅಧ್ಯಾಯದಲ್ಲಿ ಹನ್ನೊಂದು ತಪ್ಪು ಬಿಟ್ಟಿದ್ದೇವೆ! ಇಪ್ಪತ್ತಾರು ವರ್ಷದ ಕೆಲಸದಲ್ಲಿ ಹೀಗಾಗಿದ್ದು ಇದೇ ಮೊದಲು.

ಭಲೇ ಹುಡುಗಿ! ಅವನ ಹಟ ಕರಗುವುದಕ್ಕೆ ದರ್ಜಿಯ ಸಂಕಟ ಬೇಕೇ ಬೇಕು. ಅವಳನ್ನು ತೆಗೆದರೆ ಅವನೂ ಸತ್ತಂತೆ. ಇದನ್ನು ಯಾರು ಹೇಳಿಕೊಟ್ಟರೇ ನಿನಗೆ? ಒಂದು ಪುಟವನ್ನೂ ಬಿಟ್ಟುಕೊಡಬೇಡ. ಅವರು ಒಪ್ಪದಿದ್ದರೆ ಬೇರೆ ಪ್ರಕಾಶಕರನ್ನು ಹುಡುಕೋಣ. ನಿನ್ನ ಕೈ ತಣ್ಣಗಿರಲಿ, ಇನ್ನೂ ಹತ್ತು ಪುಸ್ತಕ ಬರೆಯಲಿ.

ನಿನ್ನ
ಅಕ್ಕ

ತಾ.ಕ.: ನಿನ್ನ ಮೊದಲ ಕಾದಂಬರಿಯಲ್ಲಿ ಬಸ್ ಕಂಡಕ್ಟರನ ಉಪಕಥೆ ಸಡಿಲವಾಗಿದೆ, ತೆಗೆದುಬಿಡು ಅಂದಿದ್ದೆ. "ಅಕ್ಕ ಹೇಳಿದ ಮೇಲೆ ಮುಗೀತು" ಎಂದು ನೀನು ತೆಗೆದೇಬಿಟ್ಟೆ. ಅದು ಸಡಿಲವಾಗಿರಲಿಲ್ಲ ಕಣೇ. ಆಗ ನಾನೂ ಒಂದು ಕಾದಂಬರಿ ಬರೆದು ಪ್ರಕಾಶಕರಿಗೆ ಕಳಿಸಿದ್ದೆ, ಯಾರಿಗೂ ಹೇಳಿರಲಿಲ್ಲ. ಅದು ವಾಪಸು ಬಂದ ವಾರವೇ ನಿನ್ನದನ್ನು ಓದಿದೆ. ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ನಿನ್ನದರಲ್ಲಿ ಯಾವುದು ಎಲ್ಲಕ್ಕಿಂತ ಚೆನ್ನಾಗಿತ್ತೋ ಅದನ್ನೇ ಕಿತ್ತು ಹಾಕಿಸಿದೆ. ನೀನು ಮೊದಲ ಪುಟದಲ್ಲಿ ನನಗೆ ಕೃತಜ್ಞತೆ ಬರೆದೆ. ಆ ಪುಟದ ಕರಡನ್ನೂ ನಾನೇ ನೋಡಿ ಅಚ್ಚಿಗೆ ಕಳಿಸಿದೆ.