ಏಳನೇ ಹಾಸಿಗೆಯ ಕರೆ

ಮನೆ, ಮಹಡಿ ಕೋಣೆ
ಮೂರನೇ ತಾರೀಖು, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಫೋನು ಎತ್ತುವುದಿಲ್ಲವೆಂದು ಹಟ ಹಿಡಿದಿದ್ದೀಯಲ್ಲ, ಅದಕ್ಕೇ ಈ ಕಾಗದ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅಪ್ಪನ ಮಂಡಿಯ ಆಪರೇಷನ್ ಹದಿನಾಲ್ಕಕ್ಕೆ, ನಮ್ಮ ಆಸ್ಪತ್ರೆಯಲ್ಲೇ. ಹೆದರಿಕೆ ಮುಚ್ಚಿಡಲು ಎಲ್ಲರ ಮೇಲೂ ರೇಗುತ್ತಿದ್ದಾರೆ.

ನೀನು ಕೆಲಸ ಬಿಟ್ಟ ಮೇಲೆ ಆಸ್ಪತ್ರೆಯ ಸಾಫ್ಟ್‌ವೇರ್ ನನ್ನ ಕೊರಳಿಗೆ ಬಿತ್ತು. ಅದರಲ್ಲಿ ನೀನು ಬರೆದ ‘ವಾರ್ಡ್’ ಕ್ಲಾಸ್, ಪ್ರೋಗ್ರಾಮಿನ ಆ ಭಾಗ ಇದೆಯಲ್ಲ, ನಿನ್ನ ಹಳೇ ಟ್ರಂಕಿನ ಹಾಗೆ ಸಿಕ್ಕಿದ್ದನ್ನೆಲ್ಲ ಅದರೊಳಗೇ ತುರುಕಿದ್ದೀಯ. ಹಾಸಿಗೆ, ಔಷಧಿ, ಬಾಗಿಲು, ದೀಪ, ಕರೆಗಂಟೆ, ಒಗೆಯುವ ಬಟ್ಟೆಯ ಪಟ್ಟಿ, ಎಲ್ಲವೂ ಅದೊಂದಕ್ಕೇ ಗೊತ್ತಿರಬೇಕು. ಹನ್ನೊಂದು ಸಾವಿರ ಸಾಲು ಮಾರಾಯ್ತಿ! ಔಷಧಿಯ ಕಡೆ ಏನೋ ಮುಟ್ಟಿದರೆ ಬಾಗಿಲು ಲಾಕ್ ಆಗುತ್ತಿತ್ತು. ನಿನ್ನನ್ನು ಬೈದುಕೊಳ್ಳುತ್ತಲೇ ಅದನ್ನು ಒಡೆಯಲು ಕುಳಿತೆ. ಔಷಧಿಯ ಕೆಲಸ ಔಷಧಿಗೆ, ಬಾಗಿಲಿನದು ಬಾಗಿಲಿಗೆ. ಒಂದನ್ನು ಬೇರೆ ಕ್ಲಾಸ್ ಮಾಡಿ, ಪರೀಕ್ಷೆ ಮಾಡಿ, ಆಮೇಲೆ ಇನ್ನೊಂದು. ಕೊನೆಗೆ ಕರೆಗಂಟೆಯನ್ನು ಹೊರಗೆ ತೆಗೆದೆ.

ಅಂದಿನಿಂದ ಮಧ್ಯಾಹ್ನ ಸರಿಯಾಗಿ ಮೂರಕ್ಕೆ ಏಳನೇ ಹಾಸಿಗೆಯಿಂದ ನರ್ಸ್‌ಗಳ ಮೇಜಿಗೆ ಕರೆ ಬರುತ್ತಿದೆ. ಹಾಸಿಗೆ ಖಾಲಿ. ನನ್ನದೇ ತಪ್ಪೆಂದು ಎರಡು ದಿನ ತಲೆ ಕೆಡಿಸಿಕೊಂಡೆ. ಎಲೆಕ್ಟ್ರಿಷಿಯನ್ ಬಂದು ಹಾಸಿಗೆ ಪಕ್ಕದ ಕರೆಗಂಟೆಯ ಗುಂಡಿ ಬಿಚ್ಚಿ ನೋಡಿ, “ಈ ಗುಂಡಿಗೆ ವೈರೇ ಇಲ್ಲ ಮೇಡಂ, ಕಿತ್ತು ಎಷ್ಟೋ ಕಾಲ ಆಗಿದೆ” ಅಂದ. ನಿನ್ನೆ ನಾನೇ ಹೋಗಿ ನಿಂತೆ. ಮೂರಾಯಿತು. ಗುಂಡಿ ಮೆಲ್ಲಗೆ ಒಳಗೆ ಹೋಯಿತು, ಹೊರಗೆ ಬಂತು, ಮತ್ತೆ ಒಳಗೆ ಹೋಯಿತು. ಕೈಯಲ್ಲಿ ಬಲವಿಲ್ಲದವರು ಒತ್ತುವುದು ಹಾಗೆಯೇ.

ಓಡಿ ಬಂದು ನಿನ್ನ ಹಳೆಯ ಕ್ಲಾಸ್ ತೆರೆದು ಹುಡುಕಿದೆ. ಬಟ್ಟೆಯ ಪಟ್ಟಿಯ ನಡುವೆ, ಯಾರೂ ಇಣುಕದ ಕಡೆ, ನಿನ್ನದೊಂದು ಸಾಲು: ಏಳನೇ ಹಾಸಿಗೆಯ ಕರೆಯನ್ನು ಯಾರಿಗೂ ಮುಟ್ಟಿಸಬಾರದು. ಗಂಟೆಯನ್ನು ಬೇರೆ ಮಾಡುವಾಗ ಅದು ಅಲ್ಲೇ ಉಳಿದುಬಿಟ್ಟಿದೆ, ಇಷ್ಟು ದಿನ ಅದು ತಡೆದಿದ್ದ ಕರೆ ಈಗ ಹೊರಗೆ ಬರುತ್ತಿದೆ. ಬರೆದ ತಾರೀಖು ನೀನು ಕೆಲಸ ಬಿಟ್ಟ ಹಿಂದಿನ ದಿನ. ಹಿರಿಯ ನರ್ಸಮ್ಮನನ್ನು ಕೇಳಿದರೆ, “ನಿಮ್ಮಕ್ಕನಿಗೇ ಗೊತ್ತು, ಅವರನ್ನೇ ಕೇಳಿ” ಎಂದು ಬೆನ್ನು ತಿರುಗಿಸಿದರು. ಅಕ್ಕಾ, ನನಗೆ ನಿಜವಾಗಿಯೂ ಭಯವಾಗುತ್ತಿದೆ.

ಊಟ ಬಿಡಬೇಡ, ಸಿಟ್ಟು ಬಿಡು. ಭಾವನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಉಳಿದ ಹಾಸಿಗೆಗಳೆಲ್ಲ ಭರ್ತಿಯಂತೆ, ಅಪ್ಪನಿಗೆ ಏಳನೆಯದೇ ಅಂತೆ. ಹೊಸ ವೈರು ಎಳೆಯುತ್ತಾರಂತೆ. ನಿನ್ನ ಆ ಸಾಲನ್ನು ಮತ್ತೆ ಹಾಕಿದರೆ ಅಪ್ಪ ಎಷ್ಟು ಒತ್ತಿದರೂ ಯಾರಿಗೂ ಕೇಳಿಸುವುದಿಲ್ಲ. ಹಾಕದೆ ಬಿಡಲೂ ಧೈರ್ಯವಿಲ್ಲ. ಹದಿನಾಲ್ಕರೊಳಗೆ ಒಂದೇ ಒಂದು ಸಲ ಫೋನು ಎತ್ತಿ ಇಷ್ಟು ಹೇಳು, ಸಾಕು: ಆ ಹಾಸಿಗೆಯಲ್ಲಿ ಅಪ್ಪ ಒಬ್ಬರೇ ಇರುತ್ತಾರಾ?