ತೊಟ್ಟಿಲಿಗೆ ಭಾರ

ಜನವರಿ ೧೪, ರಾತ್ರಿ

ಮಣಿಕಟ್ಟು ಇನ್ನೂ ನೋಯುತ್ತಿದೆ. ನಿನ್ನೆ ಹೆಪ್ಪುಗಟ್ಟಿದ ನದಿಯ ಮೇಲೆ ಬಲಕ್ಕೆ ತಿರುಗುವಾಗ ಬೈಕಿಗೆ ಜೋಡಿಸಿದ ಪಕ್ಕದ ತೊಟ್ಟಿಲು, ಅದೇ ಸೈಡ್‌ಕಾರು, ಮೇಲಕ್ಕೆದ್ದು ನನ್ನನ್ನು ಮಂಜುಗಡ್ಡೆಯ ಮೇಲೆ ಎಸೆಯಿತು. ಅದರಲ್ಲಿ ಕೂರುತ್ತಿದ್ದ ನನ್ನ ಹೆಂಡತಿ ಲುಕೇರಿಯಾ ತೀರಿಕೊಂಡ ಮೇಲೆ ಇದು ಮೊದಲ ಚಳಿಗಾಲ. ತಿರುವು ಬಂದಾಗ ನಾನು "ವಾಲೇ" ಅನ್ನುತ್ತಿದ್ದೆ, ಅವಳು ನನ್ನನ್ನು ಬೈಯುತ್ತಲೇ ತೊಟ್ಟಿಲು ಏಳದ ಹಾಗೆ ಹೊರಕ್ಕೆ ವಾಲುತ್ತಿದ್ದಳು.

ಬೆಳಿಗ್ಗೆ ಪಕ್ಕದ ಮನೆಯ ಸವೇಲಿ ನಕ್ಕ. "ಖಾಲಿ ತೊಟ್ಟಿಲು ಕಟ್ಕೊಂಡು ಯಾರಾದ್ರೂ ಹೋಗ್ತಾರೇನೋ ಪ್ರೋಖರ್? ಒಂದು ಮೂಟೆ ಆಲೂಗಡ್ಡೆ ಹಾಕು. ನಿನ್ ಹೆಂಡ್ತಿಗಿಂತ ವಾಸಿ, ಬಾಯಿ ಮಾಡಲ್ಲ." ಅಂದವನು ತಾನೇ ತಲೆ ತಗ್ಗಿಸಿದ.

ಮೂಟೆ ಹಾಕಿದೆ. ಈ ಚಳಿಗೆ ಆಲೂಗಡ್ಡೆ ಕಲ್ಲಾಗಿಬಿಡುತ್ತದಲ್ಲ, ಅದಕ್ಕೇ ಅವಳ ಕುರಿಚರ್ಮದ ಕೋಟು ಹೊದಿಸಿದೆ. ಬೇರೇನೂ ಯೋಚಿಸಲಿಲ್ಲ.

ಬೈಕು ಅಂಗಡಿಯವರೆಗೂ ನೆಟ್ಟಗೆ ಹೋಯಿತು. ಅದೇ ತಿರುವಿನಲ್ಲಿ ಬಾಯಿತಪ್ಪಿ "ವಾಲೇ" ಅಂದುಬಿಟ್ಟೆ. ಬೈಗುಳ ಬರಲಿಲ್ಲ. ಆಮೇಲೆ ದಾರಿಯುದ್ದಕ್ಕೂ ಎಂಜಿನ್ ಸದ್ದೊಂದೇ.

ಸಂಜೆ ಕೋಟನ್ನು ಒಲೆಯ ಪಕ್ಕ, ಅವಳು ನೇತುಹಾಕುತ್ತಿದ್ದ ಮೊಳೆಗೇ ಹಾಕಿದೆ. ನಿನ್ನೆಯವರೆಗೂ ಅದರಲ್ಲಿ ಅವಳ ವಾಸನೆ ಇತ್ತು. ಈಗ ಮೂಗಿಟ್ಟು ಹುಡುಕಿದರೂ ಬರೀ ಮಣ್ಣಿನ ವಾಸನೆ.

ನಾಳೆ ಸವೇಲಿ ಕೇಳುತ್ತಾನೆ. ತೊಟ್ಟಿಲು ಏಳಲಿಲ್ಲ ಅಂತಷ್ಟೇ ಹೇಳಬೇಕು.